ಎಲಿಯಟ್‌ನ ಬೂದಿ ಬುಧವಾರ, ನಮ್ಮ ಮಾರ್ಚ್ ಕ್ಲೋಸಿಂಗ್

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಓದಿದ್ದು ಎಂ.ಕಾಂ., ಮಾಡಿದ್ದು ಬ್ಯಾಂಕಿನ ನೌಕರಿ, ಅದರಲ್ಲಿ ಹೆಚ್ಚಿನ ವರ್ಷಗಳು ಮುಂಬಯಿಯಲ್ಲಿ. ಟಿ.ಎಸ್. ಎಲಿಯಟ್‌ನ ಪದ್ಯಗಳ ಪುಸ್ತಕವನ್ನು ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಕೊಂಡದ್ದಕ್ಕೂ ಸಾಹಿತ್ಯ ಕಾರಣವಲ್ಲ. ಅವನು 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ವಿದೇಶಿ ವ್ಯವಹಾರದ ವಿಭಾಗದಲ್ಲಿದ್ದ ಅಂತ ಎಲ್ಲೋ ಓದಿದ್ದೆ. ನಮ್ಮ ಕುಲದವನೇ ಅನ್ನಿಸಿತು, ಕೊಂಡೆ.

ನಮ್ಮಲ್ಲಿ ಎಲಿಯಟ್ ಎಂದರೆ 1922ರ ‘ದಿ ವೇಸ್ಟ್ ಲ್ಯಾಂಡ್’. ನವ್ಯದ ಚರ್ಚೆಗಳಲ್ಲಿ ಅಡಿಗರ ಹೆಸರಿನ ಜೊತೆಗೇ ಅದೂ ಬರುತ್ತಿತ್ತು. 1930ರಲ್ಲಿ ಬಂದ ‘ಆಶ್ ವೆಡ್ನೆಸ್‌ಡೇ’ಯನ್ನು ಅಷ್ಟಾಗಿ ಯಾರೂ ಎತ್ತಿಕೊಂಡದ್ದು ನಾನು ಕಾಣೆ. 1927ರಲ್ಲಿ ಅವನು ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ, ಅದೇ ವರ್ಷ ಬ್ರಿಟಿಷ್ ಪ್ರಜೆಯೂ ಆದ. ಹಾಗಾಗಿ ಇದು ಭಕ್ತನಾದವನ ಪದ್ಯ, ಲೋಕ ಬಿಟ್ಟವನ ಪದ್ಯ ಎಂದು ಬದಿಗಿಡುವುದು ಸುಲಭ. ನನ್ನ ತಕರಾರು ಇರುವುದು ಇಲ್ಲೇ. ನನಗೆ ಇದು ಊರು ಬಿಟ್ಟವನ ಪದ್ಯವಾಗಿ ಕೇಳಿಸುತ್ತದೆ.

ಬೂದಿ ಬುಧವಾರ ಎಂದರೇನು ಎನ್ನುವುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಪಕ್ಕದ ಕೌಂಟರಿನಿಂದ. ಅಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ ಮಂಗಳೂರು ಕಡೆಯ ಕ್ರೈಸ್ತರು, ಮನೆ ಬಾಂದ್ರಾದಲ್ಲಿ. ವರ್ಷಕ್ಕೊಂದು ಬುಧವಾರ ಹಣೆಯಲ್ಲಿ ಬೂದಿ ಹಚ್ಚಿಕೊಂಡೇ ಬರುತ್ತಿದ್ದರು. ಕೇಳಿದ್ದಕ್ಕೆ, “ಹೋದ ವರ್ಷದ ಗರಿಗಳ ಭಾನುವಾರದ ಗರಿ ಉಂಟಲ್ಲ, ಅದನ್ನೇ ಸುಟ್ಟು ಮಾಡುವ ಬೂದಿ ಮಾರಾಯ್ರೆ” ಅಂದರು. ಮೆರವಣಿಗೆಯಲ್ಲಿ ಜಯಕಾರ ಹಾಕಿ ಹಿಡಿದ ಗರಿಯೇ ಮರುವರ್ಷ ಮಣ್ಣಾಗುವ ದೇಹದ ನೆನಪಿಗೆ ಹಣೆಗೆ ಬರುತ್ತದೆ. ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ ತಪಸ್ಸುಕಾಲ. ಅವರು ಮಾಂಸ, ಮದ್ಯ ಎರಡನ್ನೂ ಬಿಡುತ್ತಿದ್ದರು. ನಮಗೆ ಅದೇ ಹೊತ್ತಿಗೆ ಮಾರ್ಚ್ ಕ್ಲೋಸಿಂಗ್. ಎರಡೂ ಲೆಕ್ಕ ಒಪ್ಪಿಸುವ ಕಾಲವೇ ಎಂದು ನಗುತ್ತಿದ್ದರು.

1994ರಲ್ಲಿ ಈಸ್ಟರ್ ಏಪ್ರಿಲ್ 3ಕ್ಕೆ. ಮಾರ್ಚಿನಲ್ಲಿ, ಅವರ ತಪಸ್ಸುಕಾಲದ ನಡುವೆ, ಕಾರ್ಕಳದ ಕಡೆಯ ನಮ್ಮ ಊರಲ್ಲಿ ಅಮ್ಮ ತೀರಿಕೊಂಡಳು. ಕಾಯಿಲೆ ಜೋರಾಗಿದೆ ಅಂತ ಮೊದಲೇ ಗೊತ್ತಿತ್ತು. ಕ್ಲೋಸಿಂಗ್ ಮುಗಿಸಿ ಹೋಗುವ ಎಂದು ನಾನೇ ರಜೆ ಕೇಳಿರಲಿಲ್ಲ. ಕೊಂಕಣ ರೈಲು ಇನ್ನೂ ಆಗಿರಲಿಲ್ಲ, ಬಸ್ಸಿನಲ್ಲಿ ಹೋಗಿ ಮುಟ್ಟುವಾಗ ಚಿತೆ ತಣ್ಣಗಾಗಿತ್ತು. ಮುಖ ಸಿಗಲಿಲ್ಲ, ನನ್ನ ಪಾಲಿಗೆ ಬಂದದ್ದು ಬೂದಿಯಲ್ಲಿ ಎಲುಬು ಆರಿಸುವ ಕೆಲಸ. ವಾಪಸು ಬಂದಾಗ ಆ ಸಹೋದ್ಯೋಗಿ ಸಮಾಧಾನದ ಮಾತು ಏನೂ ಆಡಲಿಲ್ಲ. ನನ್ನ ಲೆಡ್ಜರು ಟ್ಯಾಲಿ ಮಾಡಿ ಇಟ್ಟಿದ್ದರು.

ಪುಸ್ತಕ ಅದಕ್ಕೂ ಮೊದಲೇ ಮನೆಯಲ್ಲಿತ್ತು. ಈ ಪದ್ಯವನ್ನು ಸರಿಯಾಗಿ ಓದಿದ್ದು ಆ ಮೇಲೆಯೇ.

ಆರು ಭಾಗಗಳ ಪದ್ಯ ಇದು. ಮೊದಲನೆಯದರ ಆರಂಭ ಇಟಲಿಯ ಕವಿ ಗಿಡೊ ಕವಲ್ಕಾಂತಿಯಿಂದ ಎತ್ತಿದ್ದು. ಅವನು 1300ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದವನು. ಇನ್ನು ಊರಿಗೆ ಮರಳುವ ಆಸೆಯಿಲ್ಲ ಎಂಬ ಆ ಹಾಡನ್ನು ಅಲ್ಲಿಂದಲೇ ಬರೆದ ಎಂದು ಪ್ರತೀತಿ. ಎಲಿಯಟ್ ‘ಮರಳುವ’ ಎಂಬುದನ್ನು ಬರೀ ‘ತಿರುಗುವ’ ಎಂದು ಮಾಡಿಕೊಂಡ. ಇಂಗ್ಲಿಷಿನಲ್ಲಿ ಒಂದು ಚಿಕ್ಕ ಉಪಸರ್ಗ ಬಿಟ್ಟದ್ದು ಅಷ್ಟೇ. ಆದರೆ ಬೂದಿ ಬುಧವಾರದ ಪಾಠದಲ್ಲಿ ಪ್ರವಾದಿ ಯೋವೇಲ ಹೇಳುವುದೂ ತಿರುಗಿ ಬನ್ನಿ ಎಂದೇ. ದೇವರ ಕಡೆ ತಿರುಗುವುದು, ಊರ ಕಡೆ ತಿರುಗುವುದು ಒಂದೇ ಮಾತಿನೊಳಗೆ ಸಿಕ್ಕಿಹಾಕಿಕೊಂಡವು. ಪರವೂರಿನಲ್ಲಿದ್ದವರಿಗೆ ಇದರ ಭಾರ ಬೇಗ ತಿಳಿಯುತ್ತದೆ.

ಎರಡನೆಯ ಭಾಗದಲ್ಲಿ ಮೂರು ಬಿಳಿ ಚಿರತೆಗಳು ಒಂದು ಮರದ ಕೆಳಗೆ ಕೂತಿವೆ. ಅವನ ಕಾಲು, ಹೃದಯ, ಪಿತ್ತಕೋಶ ತಿಂದು ಮುಗಿಸಿವೆ. ಉಳಿದ ಎಲುಬುಗಳು ಹಾಡುತ್ತವೆ, ಚದುರಿ ಬಿದ್ದದ್ದಕ್ಕೆ ಸಂತೋಷಪಡುತ್ತವೆ. ಇದು ಅತಿಯಾಯಿತು ಅಂತ ಮೊದಲು ಕಂಡಿತ್ತು. ಬೂದಿಯಲ್ಲಿ ಕೈ ಇಟ್ಟ ಮೇಲೆ ಹಾಗೆ ಅನ್ನಿಸಲಿಲ್ಲ. ಎಲುಬು ಅಷ್ಟು ಬೆಳ್ಳಗೆ, ಅಷ್ಟು ಹಗುರ ಇರುತ್ತದೆ ಅಂತ ಯಾರೂ ಮೊದಲೇ ಹೇಳಿರುವುದಿಲ್ಲ.

ಎಲ್ಲವೂ ನನಗೆ ಒಪ್ಪಿಗೆಯಿಲ್ಲ. ಐದನೆಯ ಭಾಗ ‘ವಾಕ್ಯ’ ಎಂಬ ಶಬ್ದವನ್ನೇ ಹಿಡಿದು ಗಿರಗಟ್ಟೆ ಆಡಿಸುತ್ತದೆ. ಪಾಂಡಿತ್ಯ ಹೆಚ್ಚಾಯಿತು, ಸಂಕಟ ಕಡಿಮೆಯಾಯಿತು. ನಾಲ್ಕನೆಯದರಲ್ಲಿ ಬಿಳಿ, ನೀಲಿ ಉಟ್ಟ ಒಬ್ಬ ಮೌನಿ ಹೆಂಗಸು ನಡೆದು ಹೋಗುತ್ತಾಳೆ. ಪವಿತ್ರಳೇ ಸರಿ, ಆದರೆ ಅವಳಿಗೆ ರಕ್ತಮಾಂಸ ಇಲ್ಲ. ಮೊದಲ ಮುದ್ರಣದಲ್ಲಿ ಈ ಪದ್ಯ ಹೆಂಡತಿಗೆ ಅರ್ಪಣೆಯಾಗಿತ್ತು. ಕಾಯಿಲೆಯಲ್ಲೇ ಬಳಲುತ್ತಿದ್ದ ವಿವಿಯನ್‌ಳನ್ನು ಅವನು 1933ರಲ್ಲಿ ಬಿಟ್ಟ. ಆಮೇಲಿನ ಮುದ್ರಣಗಳಲ್ಲಿ ಆ ಅರ್ಪಣೆಯೂ ಹೋಯಿತು. ಪಶ್ಚಾತ್ತಾಪದ ಪದ್ಯದೊಳಗೆ ಅವಳ ನೋವಿಗೆ ಜಾಗ ಎಲ್ಲಿ ಅಂತ ಕೇಳಬೇಕಾಗುತ್ತದೆ. ನನಗೆ ಸಿಗಲಿಲ್ಲ.

ಈ ಪದ್ಯದ ಜೀವ ಆರನೆಯ ಭಾಗದಲ್ಲಿದೆ. ಎಲ್ಲ ಬಿಟ್ಟೆ ಎಂದು ಕೂತವನ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಕಗ್ಗಲ್ಲಿನ ದಡ, ಬಿಳಿ ಹಾಯಿಗಳು, ಕಳೆದುಹೋದ ಲೈಲಾಕ್ ಹೂ, ಲಾವಕ್ಕಿಯ ಕೂಗು, ಉಪ್ಪುಗಾಳಿಯ ವಾಸನೆ. ಅದು ಇಂಗ್ಲೆಂಡಿನ ದಡವಲ್ಲ. ಬಾಲ್ಯದ ಬೇಸಗೆಗಳನ್ನು ಅವನು ಕಳೆದ ಮೆಸಾಚುಸೆಟ್ಸಿನ ಕರಾವಳಿ. ತಪಸ್ಸಿಗೆ ಕೂತಾಗ ಅಡ್ಡ ಬಂದದ್ದು ಅಪ್ಸರೆಯಲ್ಲ, ಊರು! 1915ರ ಮೇಲೆ 1932ರವರೆಗೆ ಅವನು ಅಮೆರಿಕದ ನೆಲ ಮೆಟ್ಟಲಿಲ್ಲ. ಆ ನಡುವೆ, 1919ರಲ್ಲಿ ತಂದೆ, 1929ರಲ್ಲಿ ತಾಯಿ ತೀರಿಕೊಂಡರು. ತಾಯಿ ಸತ್ತದ್ದಕ್ಕೇ ಈ ಸಾಲುಗಳು ಬಂದವು ಎಂದು ನಾನು ಹೇಳುವುದಿಲ್ಲ; ಪ್ರತಿ ಡೆಬಿಟ್ಟಿಗೂ ಎದುರು ಕ್ರೆಡಿಟ್ ತೋರಿಸಲು ಪದ್ಯ ಲೆಡ್ಜರಲ್ಲ. ಆದರೆ ಕಳೆದುಕೊಂಡದ್ದು ಅಲ್ಲಿ ಹಿಂದಿರುಗಿ ಬರುವಾಗ ಅವನ ಮನಸ್ಸು ಗಟ್ಟಿಯಾಗುತ್ತದೆ, ಹಿಗ್ಗುತ್ತದೆ. ತಪಸ್ಸುಕಾಲದ ಹೊಸತನ ಎಂದರೆ ಪದ್ಯದಲ್ಲಿ ನನಗೆ ಕಂಡದ್ದು ಇಷ್ಟೇ. ಈಸ್ಟರ್ ಅದರಲ್ಲಿ ಬರುವುದೇ ಇಲ್ಲ.

ಇನ್ನೊಂದು ಸಣ್ಣ ಸಂಗತಿ, ತಾಳೆ ನೋಡಿ ಅಭ್ಯಾಸವಿದ್ದವರ ಕಣ್ಣಿಗೆ ಬೀಳುವಂಥದ್ದು. ಮೊದಲ ಭಾಗ ಶುರುವಾಗುವ ಮಾತಿನಿಂದಲೇ ಆರನೆಯದೂ ಶುರುವಾಗುತ್ತದೆ, ಒಂದು ಪದ ಮಾತ್ರ ಬದಲು. ಅಲ್ಲಿ ಕಾರಣ ಹೇಳುವ ಪದ, ಇಲ್ಲಿ ಕಾರಣವನ್ನು ಮೀರುವ ಪದ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಬರುತ್ತದೆ: ಆಸೆ ‘ಇಲ್ಲದ್ದರಿಂದ’ ಎಂದಿದ್ದದ್ದು ‘ಇಲ್ಲದಿದ್ದರೂ’ ಎಂದಾಗುತ್ತದೆ. ಪರಿಸ್ಥಿತಿ ಅದೇ, ಸಾಲವೂ ಅದೇ.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಅಕ್ಕನ ಮಗಳ ಕೈಯಲ್ಲಿ ಬರೆಸುತ್ತಿದ್ದಳು. ಆ ಫೆಬ್ರವರಿಯ ಇನ್‌ಲ್ಯಾಂಡ್ ಲೆಟರ್ ಎಲಿಯಟ್‌ನ ಪುಸ್ತಕದೊಳಗೆ ಈಗಲೂ ಇದೆ. ಕೊನೆಯಲ್ಲಿ ಹೀಗಿದೆ: “ರಜೆ ಸಿಗದಿದ್ದರೂ ಅಡ್ಡಿಯಿಲ್ಲ. ಮಾರ್ಚ್ ಕಳೆದ ಮೇಲೆ ಬಾ.”