ಎರಡು ನೆಗೆಟಿವ್, ಒಂದು ಅಲೆ

ಫ್ರಾನ್ಸಿನ ಗುಸ್ತಾವ್ ಲ ಗ್ರೇ 1857ರಲ್ಲಿ ಸೆತ್ ಎಂಬ ಊರಿನ ಕಡಲತೀರದಲ್ಲಿ ತೆಗೆದ ‘ಮಹಾ ಅಲೆ’ ಛಾಯಾಚಿತ್ರದ ಒಂದು ಪ್ರತಿ ನಮ್ಮ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಚಿತ್ರ ನೋಡಿದವರು ಮೊದಲು ಮೆಚ್ಚುವುದು ಮೋಡಗಳನ್ನು. ಆ ಮೋಡಗಳು ಬೇರೊಂದು ನೆಗೆಟಿವಿನವು ಎಂದು ತಿಳಿದಾಗ ಕೆಲವರಿಗೆ ಮೋಸಹೋದಂತೆ ಅನಿಸುತ್ತದೆ. ಈ ಆಪಾದನೆ ನಿಲ್ಲುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ಆ ಕಾಲದ ಗಾಜಿನ ನೆಗೆಟಿವಿಗೆ ಹಚ್ಚುತ್ತಿದ್ದ ಕೊಲೋಡಿಯನ್ ಲೇಪಕ್ಕೆ ನೀಲಿ ಬೆಳಕು ಬಹಳ ಬೇಗ ತಾಗುತ್ತಿತ್ತು. ಕಡಲಿನ ವಿವರ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿ. ಮೋಡಕ್ಕೆ ತಕ್ಕಷ್ಟೇ ಬಿಟ್ಟರೆ ಕಡಲು ಕಪ್ಪು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಪಾಡು! ಲ ಗ್ರೇ ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ಮಾಡಿಕೊಂಡು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. ದಿಗಂತದಲ್ಲಿ ಮೋಡಗಳು ಕತ್ತರಿಸಿದಂತೆ ನಿಂತಿರುವ ಕಡೆ ಆ ಬೆಸುಗೆ ಇಂದಿಗೂ ಕಾಣುತ್ತದೆ. ಒಂದೇ ಆಕಾಶವನ್ನು ಬೇರೆ ಬೇರೆ ಕಡಲುಗಳಿಗೆ ಅವನು ಹೊದಿಸಿದ್ದೂ ಉಂಟು.

ಆದ್ದರಿಂದ ಆ ದಿನದ ಹವಾಮಾನಕ್ಕೆ ಈ ಚಿತ್ರ ಸಾಕ್ಷಿಯಾಗಲಾರದು. ಇದನ್ನು ಒಪ್ಪೋಣ. ಆದರೆ ಕಡಲ ದಡದಲ್ಲಿ ನಿಂತಾಗ ನಮ್ಮ ಕಣ್ಣು ಮಾಡುವುದೂ ಇದನ್ನೇ ಅಲ್ಲವೇ? ಮೋಡ ನೋಡುವಾಗ ಕಿರಿದಾಗಿ, ಅಲೆ ನೋಡುವಾಗ ಹಿಗ್ಗಿ, ಎರಡನ್ನೂ ಮನಸ್ಸು ಒಂದಾಗಿ ಹೊಲಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಲ ಗ್ರೇಯ ಸಂಯಮ. ಎರಡು ನೆಗೆಟಿವ್ ಕೈಯಲ್ಲಿದ್ದರೂ ಎಲ್ಲವನ್ನೂ ಬೆಳಗಲು ಅವನು ಹೋಗಲಿಲ್ಲ. ಎಡಗಡೆಯ ಕಲ್ಲಿನ ಕಟ್ಟೆ ಕಪ್ಪಾಗಿಯೇ ಉಳಿದಿದೆ. ಹಾಗಾಗಿಯೇ ನೊರೆ ಬೆಳ್ಳಗೆ ಸಿಡಿಯುತ್ತದೆ.

ಬೇರೆ ಬೇರೆ ಎಕ್ಸ್‌ಪೋಷರ್‌ಗಳ ಫೋಟೋಗಳಿಂದ ದೃಶ್ಯದ ಬೆಳಕಿನ ಪೂರ್ತಿ ವ್ಯಾಪ್ತಿಯನ್ನು ಲೆಕ್ಕಹಾಕುವ ವಿಧಾನವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. ಈಗ ಎಚ್‌ಡಿಆರ್ ಎಂಬ ಹೆಸರಿನಲ್ಲಿ ಜೇಬಿನ ಫೋನೇ ಈ ಜೋಡಣೆ ಮಾಡುತ್ತದೆ. ಆದರೆ ಅಷ್ಟು ಬೆಳಕನ್ನು ಪರದೆಗೆ ಹಿಡಿಸುವಂತೆ ಕುಗ್ಗಿಸಲೇಬೇಕು. ರುಚಿಯ ಪರೀಕ್ಷೆ ಆಗುವುದು ಅಲ್ಲಿ. ಮೂಲೆಮೂಲೆಯೂ ಕಾಣಬೇಕೆಂಬ ಹಟಕ್ಕೆ ಬಿದ್ದರೆ ನೆರಳು ಬೂದಿಯಾಗುತ್ತದೆ, ಮೋಡದ ಸುತ್ತ ಪ್ರಭಾವಳಿ ಏಳುತ್ತದೆ. ನಮ್ಮ ದೀಪಾವಳಿ ಫೋಟೋಗಳನ್ನೇ ನೋಡಿ: ಸಭಾಂಗಣದ ಕುರ್ಚಿಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ, ಹಣತೆ ಮಾತ್ರ ಮಂಕು.

ದೋಷ ಜೋಡಣೆಯದಲ್ಲ, ಕತ್ತಲೆಯನ್ನು ಕಂಡರಾಗದ ನಮ್ಮ ಅಭಿರುಚಿಯದು ಎಂಬುದು ನಮ್ಮ ಅಭಿಪ್ರಾಯ. ಒಪ್ಪದ ಸದಸ್ಯರು ಮುಂದಿನ ಸಂಚಿಕೆಗೆ ಬರೆಯಲಿ; ಸಂತೋಷದಿಂದ ಪ್ರಕಟಿಸುತ್ತೇವೆ.