ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ

ಸಂಸತ್ತಿನ ಭಾಷಣಗಳನ್ನು ಗಮನವಿಟ್ಟು ಓದುವ ರೂಢಿ ನಮ್ಮಲ್ಲಿ ಕಡಿಮೆ. ಒಂದು ದಿನ ಪತ್ರಿಕೆಯಲ್ಲಿ ಸುದ್ದಿಯಾಗಿ ಮರುದಿನ ರದ್ದಿಗೆ ಹೋಗುವ ಮಾತುಗಳು ಎಂಬುದೇ ಅವುಗಳ ಕುರಿತು ನಮ್ಮ ಭಾವನೆ. ಆದರೆ ಕೆಲವು ಭಾಷಣಗಳು ಸದನದ ನಡಾವಳಿಯ ಪುಟಗಳಲ್ಲಿ ಕಾದು ಕುಳಿತಿರುತ್ತವೆ. ಆಡಿದವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಅವನ್ನು ಓದಿದರೆ, ಅಧಿಕಾರ ತನ್ನನ್ನು ತಾನು ಹೇಗೆ ಸಮರ್ಥಿಸಿಕೊಳ್ಳುತ್ತದೆ ಎಂಬುದು ಅರ್ಥವಾಗುತ್ತದೆ. ಐರ್ಲೆಂಡಿನ ಕೆವಿನ್ ಓಹಿಗಿನ್ಸ್ ಅವರ ಭಾಷಣಗಳು ಅಂಥವು.

ಐರ್ಲೆಂಡ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಪೌರನೀತಿಯ ಪಾಠ ನೆನಪಾಗಬಹುದು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನ ಮಾದರಿಯಾಯಿತು ಎಂಬ ಸಾಲು ಅದರಲ್ಲಿತ್ತು. ಆ ಸಂವಿಧಾನಕ್ಕೂ ಮೊದಲು ಆ ದೇಶಕ್ಕೆ ಇನ್ನೊಂದು ಸಂವಿಧಾನವಿತ್ತು. ಅದು 1922ರದು. ಅದನ್ನು ಕಲಂ ಕಲಮಾಗಿ ಸದನದಲ್ಲಿ ವಿವರಿಸಿ, ಸಮರ್ಥಿಸಿ, ಅಂಗೀಕಾರ ಪಡೆಯುವಲ್ಲಿ ಮುಖ್ಯ ಪಾತ್ರ ವಹಿಸಿದವರು ಮೂವತ್ತರ ಹರೆಯದ ಗೃಹ ಸಚಿವ ಓಹಿಗಿನ್ಸ್. ಅದೇ ಡಿಸೆಂಬರಿನಿಂದ ಅವರು ಸರಕಾರದ ಉಪಾಧ್ಯಕ್ಷರೂ ಆದರು. ಎಂದರೆ ಅಧ್ಯಕ್ಷ ಕಾಸ್‌ಗ್ರೇವ್ ಅವರ ನಂತರದ ಸ್ಥಾನ.

ಹಿನ್ನೆಲೆಯನ್ನು ಸ್ವಲ್ಪ ನೆನೆಯಬೇಕು. 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಂದಿಗೆ ಐರಿಷ್ ನಾಯಕರು ಒಪ್ಪಂದಕ್ಕೆ ಸಹಿ ಹಾಕಿದರು. ಅದರಿಂದ ಸಿಕ್ಕಿದ್ದು ಪೂರ್ಣ ಗಣರಾಜ್ಯವಲ್ಲ, ಸಾಮ್ರಾಜ್ಯದೊಳಗಿನ ಸ್ವತಂತ್ರ ಪ್ರಭುತ್ವ. ಶಾಸಕರು ದೊರೆಗೆ ನಿಷ್ಠರಾಗಿರುವ ಪ್ರಮಾಣ ಮಾಡಬೇಕಿತ್ತು. ಉತ್ತರದ ಆರು ಜಿಲ್ಲೆಗಳು ಹೊರಗೇ ಉಳಿಯಲಿದ್ದವು. 1922ರ ಜನವರಿ 7ರಂದು ಐರಿಷ್ ಸಂಸತ್ತು, ಅಂದರೆ ಡಾಯಿಲ್, 64 ಮತಗಳಿಂದ 57ರ ವಿರುದ್ಧ ಇದನ್ನು ಒಪ್ಪಿತು. ನಿನ್ನೆಯವರೆಗೆ ಒಂದೇ ಕಂದಕದಲ್ಲಿ ಹೋರಾಡಿದವರು ಎರಡಾದರು. ಜೂನ್ ಕೊನೆಗೆ ಅಂತರ್ಯುದ್ಧ ಶುರುವಾಯಿತು. ಆಗಸ್ಟಿನಲ್ಲಿ ಆರ್ಥರ್ ಗ್ರಿಫಿತ್ ತೀರಿಕೊಂಡರು. ಹತ್ತು ದಿನಗಳಲ್ಲಿ ಮೈಕಲ್ ಕಾಲಿನ್ಸ್ ಗುಂಡಿಗೆ ಬಲಿಯಾದರು. ಹೊಸ ಸರಕಾರದ ಭಾರ ಯುವಕರ ಹೆಗಲಿಗೆ ಬಿತ್ತು.

ಒಪ್ಪಂದದ ಚರ್ಚೆಯಲ್ಲಿ ಓಹಿಗಿನ್ಸ್ ಆಡಿದ ಮಾತು ಈಗಲೂ ಓದಲು ಯೋಗ್ಯ. ಒಪ್ಪಂದವನ್ನು ಅವರು ಹೊಗಳಲಿಲ್ಲ. ಐರ್ಲೆಂಡಿನ ಕನಸೆಲ್ಲ ಇದರಲ್ಲಿ ಈಡೇರುತ್ತದೆಂದು ತಾನು ಭಾವಿಸಿಲ್ಲ ಎಂದರು. ಉಳಿದದ್ದನ್ನು ಮಾತುಕತೆಯಿಂದ, ಶಾಂತಿಯುತ ರಾಜಕೀಯ ಬೆಳವಣಿಗೆಯಿಂದ ಪಡೆಯಬಹುದೆಂಬ ಭರವಸೆ ತನ್ನದು ಎಂದರು. ಇತರರು ಹುತಾತ್ಮರ ಹೆಸರು ಹೇಳಿ ಸದನವನ್ನು ಕಲಕುತ್ತಿದ್ದಾಗ, ಅವರು ಬದುಕಿರುವವರ ಪಾಡೇನೆಂದು ಯೋಚಿಸಿದರು. ಅಲಂಕಾರವಿಲ್ಲದ ನೇರ ವಾಕ್ಯ, ಚುರುಕು ವ್ಯಂಗ್ಯ, ಎದುರಾಳಿಯ ತರ್ಕವನ್ನು ಕೊನೆಯ ಮೆಟ್ಟಿಲವರೆಗೆ ಒಯ್ದು ಅಲ್ಲಿ ಬಿಟ್ಟುಬಿಡುವ ರೀತಿ, ಇವು ಅವರ ಬಲ. 1923ರ ಮಾರ್ಚಿನಲ್ಲಿ ಸದನದಲ್ಲಿ ಅವರು, ಯಶಸ್ವಿ ಕ್ರಾಂತಿ ನಡೆಸಿದವರಲ್ಲೆಲ್ಲ ತಾವೇ ಅತ್ಯಂತ ಸಂಪ್ರದಾಯಶೀಲರು ಎಂಬರ್ಥದ ಮಾತಾಡಿದರು. ತಮ್ಮ ಬಗ್ಗೆ ತಾವೇ ಹೀಗೆ ಹೇಳಿಕೊಳ್ಳುವ ಮಂತ್ರಿಗಳು ವಿರಳ.

ಆದರೆ ಸ್ಪಷ್ಟವಾಗಿ ಮಾತಾಡುವುದು ಬೇರೆ, ಕೇಳಿದ್ದಕ್ಕೆ ಉತ್ತರಿಸುವುದು ಬೇರೆ. ಓಹಿಗಿನ್ಸ್ ಅವರ ಅತಿ ಪ್ರಸಿದ್ಧ ಭಾಷಣವನ್ನು ಈ ಭೇದವನ್ನು ನೆನಪಿಟ್ಟುಕೊಂಡೇ ಓದಬೇಕು.

ಸಾಮಾನ್ಯರನ್ನು ಮೊದಲು

1922ರ ಸೆಪ್ಟೆಂಬರ್ ಕೊನೆಗೆ ಡಾಯಿಲ್ ಒಂದು ನಿರ್ಣಯದ ಮೂಲಕ ಸೇನೆಗೆ ವಿಶೇಷಾಧಿಕಾರ ಕೊಟ್ಟಿತು. ಅನುಮತಿಯಿಲ್ಲದೆ ಆಯುಧ ಇಟ್ಟುಕೊಂಡವರನ್ನೂ ಸೈನಿಕ ನ್ಯಾಯಾಲಯಗಳು ಮರಣದಂಡನೆಗೆ ಗುರಿಪಡಿಸಬಹುದಿತ್ತು. ನವೆಂಬರ್ 17ರಂದು ಮೊದಲ ನಾಲ್ವರನ್ನು ಗುಂಡಿಟ್ಟು ಕೊಲ್ಲಲಾಯಿತು. ನಾಲ್ವರೂ ಡಬ್ಲಿನ್ನಿನ ಹುಡುಗರು, ಯಾರಿಗೂ ಹೆಸರು ಗೊತ್ತಿಲ್ಲದವರು. ಅವರ ಬಳಿ ಸಿಕ್ಕಿದ್ದು ರಿವಾಲ್ವರ್.

ಅಂದೇ ಸದನದಲ್ಲಿ ಪ್ರಶ್ನೆ ಬಂತು. ಇವರೇ ಏಕೆ? ಓಹಿಗಿನ್ಸ್ ಕೊಟ್ಟ ವಿವರಣೆಯ ಸಾರ ಇದು. ಮೊದಲಿಗೆ ಒಬ್ಬ ಹೆಸರಾಂತ ನಾಯಕನನ್ನು ಕೊಂದಿದ್ದರೆ, ಅವನು ನಾಯಕನೆಂದು ಕೊಂದರು, ಇಂಗ್ಲಿಷಿನವನೆಂದು ಕೊಂದರು ಎಂದು ಹಳ್ಳಿಗಾಡಿನ ಹಿಂಬಾಲಕರು ಭಾವಿಸುತ್ತಿದ್ದರು. ಸಾಧಾರಣ ಪ್ರಕರಣವನ್ನೇ ಮೊದಲು ಎತ್ತಿಕೊಂಡರೆ ಶಿಕ್ಷೆ ಎಲ್ಲರಿಗೂ ಇದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಇದರ ತರ್ಕವನ್ನು ತುಸು ನಿಧಾನವಾಗಿ ನೋಡಿ. ಹುಡುಗರ ಅಪರಾಧ ದೊಡ್ಡದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅವರು ಸಾಮಾನ್ಯರಾಗಿದ್ದುದೇ ಅವರನ್ನು ಆರಿಸಲು ಕಾರಣವಾಯಿತು. ನ್ಯಾಯ ಮನುಷ್ಯನೊಬ್ಬನ ಕೃತ್ಯವನ್ನು ತೂಗುತ್ತದೆ. ಇಲ್ಲಿ ತೂಗಿದ್ದು ನೋಡುವವರ ಮನಸ್ಸಿನ ಮೇಲೆ ಆಗುವ ಪರಿಣಾಮವನ್ನು. ‘ಇಂಗ್ಲಿಷಿನವನು’ ಎಂದಾಗ ಸದನದಲ್ಲಿದ್ದವರ ಕಣ್ಣೆದುರು ಬಂದದ್ದು ಒಬ್ಬರೇ. ಲಂಡನ್ನಿನಲ್ಲಿ ಹುಟ್ಟಿ ಐರ್ಲೆಂಡಿನ ಹೋರಾಟ ಸೇರಿದ ಲೇಖಕ ಅರ್ಸ್‌ಕಿನ್ ಚೈಲ್ಡರ್ಸ್. ಒಂದು ವಾರದ ಹಿಂದಷ್ಟೇ ಬಂಧಿತರಾಗಿದ್ದ ಅವರು ಪಿಸ್ತೂಲು ಇಟ್ಟುಕೊಂಡ ಆರೋಪದ ಮೇಲೆ ಸೈನಿಕ ನ್ಯಾಯಾಲಯದ ಕೈಯಲ್ಲಿದ್ದರು. ವಿಚಾರಣೆಯಲ್ಲಿರುವ ಮನುಷ್ಯನೊಬ್ಬನ ಕುರಿತು ಗೃಹ ಸಚಿವರೇ ಹೀಗೆ ಸೂಚಿಸಿದ ಮೇಲೆ ವಿಚಾರಣೆಗೆ ಉಳಿದ ಅರ್ಥವೇನು? ನವೆಂಬರ್ 24ರಂದು ಚೈಲ್ಡರ್ಸ್ ಅವರನ್ನೂ ಕೊಲ್ಲಲಾಯಿತು. 1973ರಲ್ಲಿ ಅವರ ಮಗ ಅದೇ ದೇಶದ ರಾಷ್ಟ್ರಪತಿಯಾದರು.

ಡಿಸೆಂಬರ್ 8

ಹೊಸ ಸಂವಿಧಾನ 1922ರ ಡಿಸೆಂಬರ್ 6ರಂದು ಜಾರಿಗೆ ಬಂತು. ಕಾನೂನಿನ ಪ್ರಕಾರವಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಮಾತು ಅದರಲ್ಲಿತ್ತು. ಮರುದಿನ ಡಬ್ಲಿನ್ನಿನಲ್ಲಿ ಶಾಸಕ ಷಾನ್ ಹೇಲ್ಸ್ ಅವರನ್ನು ಬಂಡುಕೋರರು ಗುಂಡಿಟ್ಟು ಕೊಂದರು. ಜತೆಗಿದ್ದ ಉಪಸಭಾಪತಿ ಗಾಯಗೊಂಡರು. ಆ ರಾತ್ರಿ ಸಂಪುಟ ಸಭೆ ಸೇರಿತು. ಡಿಸೆಂಬರ್ 8ರ ನಸುಕಿನಲ್ಲಿ ಮೌಂಟ್‌ಜಾಯ್ ಸೆರೆಮನೆಯಲ್ಲಿದ್ದ ನಾಲ್ವರನ್ನು ಎಬ್ಬಿಸಿ, ಬೆಳಗಾದ ಮೇಲೆ ಗುಂಡಿಟ್ಟರು. ರೋರಿ ಓಕಾನರ್, ಲಿಯಾಂ ಮೆಲೋಸ್, ಜೋ ಮೆಕೆಲ್ವಿ, ರಿಚರ್ಡ್ ಬ್ಯಾರೆಟ್. ಇವರು ಜೂನ್ ಕೊನೆಯಿಂದಲೂ ಸೆರೆಯಲ್ಲಿದ್ದವರು. ಹೇಲ್ಸ್ ಕೊಲೆಯಲ್ಲಿ ಅವರ ಕೈಯಿರುವುದು ಸಾಧ್ಯವಿರಲಿಲ್ಲ. ಅವರು ಸೆರೆಸಿಕ್ಕಾಗ ಸೆಪ್ಟೆಂಬರಿನ ವಿಶೇಷ ನಿರ್ಣಯವೂ ಹುಟ್ಟಿರಲಿಲ್ಲ. ವಿಚಾರಣೆ ಎಂಬುದು ಹೆಸರಿಗೂ ನಡೆಯಲಿಲ್ಲ. ಇದು ಹೇಲ್ಸ್ ಹತ್ಯೆಗೆ ಪ್ರತೀಕಾರ ಮತ್ತು ಇತರರಿಗೆ ಎಚ್ಚರಿಕೆ ಎಂದು ಅಧಿಕೃತ ಪ್ರಕಟಣೆಯೇ ಸಾರಿತು.

ಒಪ್ಪಂದ ವಿರೋಧಿಗಳು ಸದನವನ್ನು ಬಹಿಷ್ಕರಿಸಿದ್ದರು. ವಿರೋಧ ಪಕ್ಷದ ಕೆಲಸವನ್ನು ಮಾಡಿದ್ದು 17 ಸದಸ್ಯರ ಲೇಬರ್ ಪಕ್ಷ. ಅದರ ನಾಯಕ ಥಾಮಸ್ ಜಾನ್ಸನ್ ಅಂದು ಎದ್ದು ನಿಂತು ಕೇಳಿದ್ದು ತೀರಾ ಸರಳವಾದದ್ದು. ಈ ನಾಲ್ವರು ಐದು ತಿಂಗಳಿಂದ ನಿಮ್ಮ ವಶದಲ್ಲಿದ್ದರು. ಅವರ ಹೊಣೆ ನಿಮ್ಮದಾಗಿತ್ತು. ಅವರನ್ನು ನ್ಯಾಯಾಲಯಕ್ಕೆ ಒಯ್ಯುವುದು ಬೇಡವೆಂದು ತೀರ್ಮಾನಿಸಿದವರು ನೀವೇ. ಈಗ ಬೇರೆ ಯಾರೋ ಮಾಡಿದ ಕೊಲೆಗಾಗಿ ಇವರನ್ನು ಕೊಂದಿದ್ದೀರಿ. ಹುಟ್ಟುವಾಗಲೇ ಹೊಸ ರಾಷ್ಟ್ರವನ್ನು ಕೊಂದಿರಿ ಎನ್ನಬೇಕಾಗಿದೆ ಎಂಬಷ್ಟು ಕಠಿಣವಾಗಿತ್ತು ಅವರ ಮಾತು.

ಓಹಿಗಿನ್ಸ್ ಉತ್ತರಿಸಿದರು. ಸೇಡಿನಿಂದ, ಬಿಸಿರಕ್ತದಿಂದ ಮಾಡಿದ ಕೃತ್ಯ ಇದಲ್ಲ ಎಂದರು. ಎಲ್ಲ ಸರಕಾರಗಳೂ ಕೊನೆಗೆ ನಿಂತಿರುವುದು ಬಲದ ಮೇಲೆ, ಬಲವನ್ನು ಇನ್ನೂ ದೊಡ್ಡ ಬಲದಿಂದಲೇ ಎದುರಿಸಬೇಕು ಎಂದರು. ಜನರ ಸುರಕ್ಷತೆಯೇ ಪರಮ ಕಾನೂನು ಎಂದರು. ವೈಯಕ್ತಿಕ ದ್ವೇಷದ ಮಾತು ಬಂದಾಗ, ಅವರಲ್ಲೊಬ್ಬ ತನ್ನ ಗೆಳೆಯನಾಗಿದ್ದ ಎಂದು ಹೇಳಿ ಗದ್ಗದಿತರಾಗಿ ಕುಳಿತುಬಿಟ್ಟರು. ಆ ಗೆಳೆಯ ರೋರಿ ಓಕಾನರ್. ಹದಿಮೂರು ತಿಂಗಳ ಹಿಂದೆ, 1921ರ ಅಕ್ಟೋಬರಿನಲ್ಲಿ, ಓಹಿಗಿನ್ಸ್ ಅವರ ಮದುವೆಯಲ್ಲಿ ಮದುಮಗನ ಪಕ್ಕದಲ್ಲಿ ನಿಂತವರು ಅವರೇ.

ಈ ಭಾಷಣವನ್ನು ನೆನೆಯುವವರೆಲ್ಲ ಆ ಕಣ್ಣೀರನ್ನು ನೆನೆಯುತ್ತಾರೆ. ಅದು ನಟನೆಯಲ್ಲ. ಸಂಪುಟದಲ್ಲಿ ಈ ತೀರ್ಮಾನಕ್ಕೆ ಕೊನೆಗೆ ಒಪ್ಪಿದವರಲ್ಲಿ ಅವರೂ ಒಬ್ಬರೆಂದು ಇತಿಹಾಸಕಾರರು ಬರೆದಿದ್ದಾರೆ. ಆ ದುಃಖವನ್ನು ಅನುಮಾನಿಸುವ ಹಕ್ಕು ನಮಗಿಲ್ಲ. ಆದರೆ ವಿಮರ್ಶಕ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ‘ನಿಮಗೆ ದ್ವೇಷವಿತ್ತೇ?’ ಎಂಬುದು ಜಾನ್ಸನ್ನರ ಮುಖ್ಯ ಪ್ರಶ್ನೆಯಾಗಿರಲಿಲ್ಲ. ‘ಯಾವ ಕಾನೂನಿನಡಿ?’ ಎಂಬುದು ಅವರ ಪ್ರಶ್ನೆ. ದ್ವೇಷದ ಆರೋಪಕ್ಕೆ ಸಚಿವರು ಹೃದಯ ತೆರೆದು ಉತ್ತರಿಸಿದರು. ಕಾನೂನಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ಬಂದದ್ದು ಕಾನೂನಿಗಿಂತ ದೊಡ್ಡದು ಇನ್ನೊಂದಿದೆ ಎಂಬ ಮಾತು. ಕೊಲ್ಲುವವನ ಮನಸ್ಸು ನಿರ್ಮಲವಾಗಿದೆ ಎಂಬುದು ಕೊಲ್ಲಲ್ಪಟ್ಟವನಿಗೆ ವಿಚಾರಣೆಯಾಗುವುದಿಲ್ಲ. ಗೆಳೆಯನನ್ನೂ ಬಿಡಲಿಲ್ಲ ಎಂಬುದು ನಿಷ್ಪಕ್ಷಪಾತದಂತೆ ಕಾಣುತ್ತದೆ. ಆದರೆ ವಿಚಾರಣೆಯಿಲ್ಲದ ಕೊಲೆ ನಿಷ್ಪಕ್ಷಪಾತವಾಗಿ ನಡೆದರೂ ವಿಚಾರಣೆಯಿಲ್ಲದ ಕೊಲೆಯೇ.

ಅವರ ಪರವಾಗಿ ಹೇಳಬಹುದಾದದ್ದು ಬಹಳವಿದೆ, ಅದನ್ನು ಮುಚ್ಚಿಡಬಾರದು. ವಿಶೇಷಾಧಿಕಾರಕ್ಕೆ ಮತ ಹಾಕಿದ ಶಾಸಕರನ್ನು ಕಂಡಲ್ಲಿ ಗುಂಡಿಡಬೇಕೆಂದು ಬಂಡುಕೋರರ ಸೇನಾಪತಿ ಲಿಯಾಂ ಲಿಂಚ್ ಆಜ್ಞೆ ಹೊರಡಿಸಿದ್ದರು. ಚುನಾಯಿತ ಸದನವೇ ಬೆದರಿ ಚದುರಿಹೋಗುವ ಅಪಾಯವಿತ್ತು. ಡಿಸೆಂಬರ್ 8ರ ನಂತರ ಆ ಯುದ್ಧದಲ್ಲಿ ಇನ್ನೊಬ್ಬ ಹಾಲಿ ಶಾಸಕನ ಹತ್ಯೆ ನಡೆಯಲಿಲ್ಲ. ಹಾಗಾದರೆ ಕ್ರಮ ಫಲಿಸಿತಲ್ಲ ಎಂದು ಕೇಳಬಹುದು. ಫಲಿಸಿದ್ದು ಎಷ್ಟು ಎಂಬುದನ್ನೂ ನೋಡಬೇಕು. 1923ರ ಜನವರಿ ಒಂದೇ ತಿಂಗಳಲ್ಲಿ 34 ಮಂದಿಯನ್ನು ಕೊಲ್ಲಲಾಯಿತು. ಅಂತರ್ಯುದ್ಧದಲ್ಲಿ ಸರಕಾರ ಕೊಂದವರ ಸಂಖ್ಯೆಯಾಗಿ ಜನ ಇಂದಿಗೂ ನೆನೆಯುವುದು 77. ಫೆಬ್ರವರಿಯಲ್ಲಿ ಓಹಿಗಿನ್ಸ್ ಅವರ ತಂದೆಯನ್ನು, ಒಬ್ಬ ವೃದ್ಧ ವೈದ್ಯರನ್ನು, ಅವರ ಮನೆಯಲ್ಲೇ ಬಂಡುಕೋರರು ಕೊಂದರು. ಒಂದು ಕ್ರಮ ಫಲಿಸಿತು ಎಂಬುದು ‘ಯಾವ ಕಾನೂನಿನಡಿ?’ ಎಂಬ ಪ್ರಶ್ನೆಗೆ ಉತ್ತರವಂತೂ ಅಲ್ಲ.

ಮಹಿಳೆಯರ ಕುರಿತ ಚರ್ಚೆಯಲ್ಲಿ

ಇದು ಯುದ್ಧದ ಬಿಸಿಯಲ್ಲಿ ಆದ ಒಂದು ತಪ್ಪು ಮಾತ್ರವೇ? ಶಾಂತಿಯ ದಿನಗಳ ಒಂದು ಚರ್ಚೆಯನ್ನೂ ಪಕ್ಕದಲ್ಲಿಟ್ಟು ನೋಡೋಣ. 1927ರಲ್ಲಿ ಓಹಿಗಿನ್ಸ್ ಜ್ಯೂರಿ ಮಸೂದೆಯನ್ನು ಮಂಡಿಸಿದರು. ನ್ಯಾಯಾಲಯದ ಜ್ಯೂರಿಗಳಿಂದ ಮಹಿಳೆಯರನ್ನು ಪೂರ್ತಿ ಹೊರಗಿಡುವುದು ಮೂಲ ಉದ್ದೇಶವಾಗಿತ್ತು. ವಿರೋಧ ಬಂದ ಮೇಲೆ, ತಾವಾಗಿ ಅರ್ಜಿ ಹಾಕುವ ಮಹಿಳೆಯರ ಹೆಸರು ಮಾತ್ರ ಪಟ್ಟಿಗೆ ಸೇರುವಂತಾಯಿತು. 1922ರ ಸಂವಿಧಾನ ಲಿಂಗಭೇದವಿಲ್ಲದ ಪೌರತ್ವವನ್ನು ಸಾರಿತ್ತು. ಅದನ್ನು ಸದನದಲ್ಲಿ ಸಮರ್ಥಿಸಿದವರು ಇವರೇ. ಈಗ ಅದೇ ಸಂವಿಧಾನವನ್ನು ಎತ್ತಿ ತೋರಿಸಿದವರಿಗೆ ಅವರ ಉತ್ತರವೇನು? ಸಂವಿಧಾನದ ನಾಲ್ಕು ಪದಗಳಿಂದ ಗಂಡು ಹೆಣ್ಣಿನ ನಡುವಿನ ಸಹಜ ವ್ಯತ್ಯಾಸ ಅಳಿಸಿಹೋಗುವುದಿಲ್ಲ ಎಂಬುದು.

ಮತ್ತೆ ಅದೇ ಜಾಡು. ಮಹಿಳೆಯರು ಕೇಳಿದ್ದು ಹಕ್ಕಿನ ಪ್ರಶ್ನೆ, ಸಿಕ್ಕಿದ್ದು ಸ್ವಭಾವದ ಕುರಿತ ಉತ್ತರ. 1922ರಲ್ಲಿ ಕಾನೂನಿಗಿಂತ ಮೇಲೆ ಸುರಕ್ಷತೆ ಇತ್ತು. 1927ರಲ್ಲಿ ಕಾನೂನಿಗಿಂತ ಮೇಲೆ ನಿಸರ್ಗ ಬಂತು. ಐರ್ಲೆಂಡಿನ ಸುಪ್ರೀಂ ಕೋರ್ಟು ಈ ಏರ್ಪಾಟನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಲು 1975 ಬರಬೇಕಾಯಿತು.

ಜಾನ್ಸನ್ನರ ತತ್ತ್ವ, ಓಹಿಗಿನ್ಸರ ಬಾಯಲ್ಲಿ

ಇಷ್ಟೇ ಹೇಳಿ ನಿಲ್ಲಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. ಅಂತರ್ಯುದ್ಧದ ನಡುವೆಯೇ ಹೊಸ ಪೊಲೀಸ್ ಪಡೆಯನ್ನು ಆಯುಧವಿಲ್ಲದ ಪಡೆಯಾಗಿ ಹಳ್ಳಿ ಹಳ್ಳಿಗೆ ಕಳುಹಿಸಿದ್ದು ಅವರ ಇಲಾಖೆ. ಬಂದೂಕು ಕಂಡು ಕಂಡು ದಣಿದ ಜನರ ನಡುವೆ ಅದು ಧೈರ್ಯದ ಹೆಜ್ಜೆ. ಗಾರ್ಡಾ ಎಂಬ ಆ ಪಡೆಯ ಸಮವಸ್ತ್ರಧಾರಿಗಳು ಇಂದಿಗೂ ಸಾಮಾನ್ಯವಾಗಿ ಬಂದೂಕು ಹಿಡಿಯದೆ ಕೆಲಸ ಮಾಡುತ್ತಾರೆ.

1924ರ ಮಾರ್ಚಿನಲ್ಲಿ, ಸೇನೆಯ ಗಾತ್ರ ಇಳಿಸುವುದನ್ನು ವಿರೋಧಿಸಿ ಅಧಿಕಾರಿಗಳ ಗುಂಪೊಂದು ಸರಕಾರಕ್ಕೆ ಎಚ್ಚರಿಕೆಯ ಪತ್ರ ಕಳಿಸಿತು. ಕಾಸ್‌ಗ್ರೇವ್ ಕಾಯಿಲೆ ಮಲಗಿದ್ದರು. ಪರಿಸ್ಥಿತಿಯನ್ನು ನಿಭಾಯಿಸಿದವರು ಓಹಿಗಿನ್ಸ್. ಅತ್ತ ದಂಗೆಯೆದ್ದವರಿಗೂ ಅವರು ಮಣಿಯಲಿಲ್ಲ. ಇತ್ತ ಸಂಪುಟವನ್ನು ಕೇಳದೆ ಅವರ ಮೇಲೆ ದಾಳಿ ಮಾಡಿದ ಸೇನಾ ಮುಖ್ಯಸ್ಥರನ್ನೂ ಸಹಿಸಲಿಲ್ಲ. ರಕ್ಷಣಾ ಸಚಿವ ಮಲ್ಕಾಹಿ ರಾಜೀನಾಮೆ ಕೊಟ್ಟರು. ಬಂದೂಕು ಹಿಡಿದವರು ಸದನಕ್ಕೆ ಉತ್ತರದಾಯಿಯಾದ ಸರಕಾರದ ಅಧೀನದಲ್ಲೇ ಇರಬೇಕು, ಅದಕ್ಕೆ ವಿನಾಯಿತಿ ಇಲ್ಲ ಎಂಬ ನಿಲುವಿನಲ್ಲಿ ಅವರು ಅಚಲರಾಗಿದ್ದರು. ಬಲವನ್ನು ನಿಯಮದ ಅಡಿಯಲ್ಲಿಡಬೇಕು ಎಂಬ ಈ ಮಾತನ್ನೇ ಅಲ್ಲವೇ ಜಾನ್ಸನ್ 1922ರ ಡಿಸೆಂಬರಿನಲ್ಲಿ ಸರಕಾರಕ್ಕೆ ಹೇಳಿದ್ದು? ಸೇನೆಗೆ ಅನ್ವಯಿಸಿದ ತತ್ತ್ವವನ್ನು ಓಹಿಗಿನ್ಸ್ ಮಂತ್ರಿಗಳಿಗೆ ಅನ್ವಯಿಸಲಿಲ್ಲ. ಅವರ ಭಾಷಣಗಳ ದೊಡ್ಡ ಬಿರುಕು ಇದೇ.

1927ರ ಜುಲೈ 10, ಭಾನುವಾರ. ಡಬ್ಲಿನ್ ಸಮೀಪದ ಬೂಟರ್ಸ್‌ಟೌನಿನಲ್ಲಿ ಪ್ರಾರ್ಥನೆಗೆಂದು ಚರ್ಚಿಗೆ ನಡೆದು ಹೋಗುತ್ತಿದ್ದ ಓಹಿಗಿನ್ಸ್ ಮೇಲೆ ಮೂವರು ಗುಂಡು ಹಾರಿಸಿದರು. ಕೆಲವು ಗಂಟೆ ಬದುಕಿದ್ದ ಅವರು ತನ್ನನ್ನು ಕೊಂದವರನ್ನು ಕ್ಷಮಿಸುತ್ತೇನೆಂದು ಹೇಳಿದರೆಂದು ಜತೆಯಲ್ಲಿದ್ದವರು ತಿಳಿಸಿದ್ದಾರೆ. ಆಗ ಅವರಿಗೆ 35 ವರ್ಷ. ಸರಕಾರ ಮತ್ತೊಂದು ಸಾರ್ವಜನಿಕ ಸುರಕ್ಷತಾ ಕಾಯ್ದೆ ತಂದಿತು. ಸಾಯುವಾಗ ಆ ಮನುಷ್ಯ ತೋರಿದ ಔದಾರ್ಯ ದೊಡ್ಡದು. ಆದರೆ ಪ್ರಜೆಗಳ ಜೀವ ಮಂತ್ರಿಯ ಔದಾರ್ಯವನ್ನಾಗಲೀ ಕಠೋರತೆಯನ್ನಾಗಲೀ ಅವಲಂಬಿಸಬಾರದು ಎಂದೇ ಅಲ್ಲವೇ ಸಂವಿಧಾನ ಬರೆಯುವುದು?

ಒಂದು ವಿಷಯದಲ್ಲಿ ಆ ಸದನಕ್ಕೆ ಕೃತಜ್ಞರಾಗಿರಬೇಕು. ಕೊಂದ ದಿನವೇ ಸರಕಾರ ಎದ್ದು ನಿಂತು ಲೆಕ್ಕ ಹೇಳಬೇಕಾಯಿತು. ವಿರೋಧಿಸಿದವರ ಮಾತೂ ಅಷ್ಟೇ ನಿಷ್ಠೆಯಿಂದ ದಾಖಲಾಯಿತು. ಆದ್ದರಿಂದಲೇ ಇಂದು ನಾವು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬಹುದು. ಅಂದು ಮತಗಳ ಎಣಿಕೆಯಲ್ಲಿ ಗೆದ್ದವರು ಓಹಿಗಿನ್ಸ್. ಜಾನ್ಸನ್ನರ ಪ್ರಶ್ನೆ ಮಾತ್ರ ನಡಾವಳಿಯಲ್ಲಿ ಹಾಗೆಯೇ ಉಳಿದಿದೆ. ಮುಂದೆ ಯಾವ ಮಂತ್ರಿಯಾದರೂ ಸುರಕ್ಷತೆಯ ಹೆಸರಿನಲ್ಲಿ ಗಂಟಲು ತುಂಬಿ ಮಾತಾಡಿದಾಗ, ಆ ಕಣ್ಣೀರನ್ನು ಗೌರವಿಸೋಣ. ಅವರು ಉತ್ತರಿಸುತ್ತಿರುವುದು ಯಾವ ಪ್ರಶ್ನೆಗೆ ಎಂಬುದನ್ನೂ ಗಮನಿಸೋಣ.