ಬಾಗಿಲು ಕಾಯುವ ಗುಂಡಿ

2023ರ ಜನವರಿ 30ರ ಸಂಜೆ ಆಂಧ್ರದ ಅಂದಿನ ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ದೆಹಲಿಗೆ ಹೊರಟಿದ್ದರು. ವಿಶಾಖಪಟ್ಟಣದ ಹೂಡಿಕೆದಾರರ ಸಮಾವೇಶದ ಪೂರ್ವಭಾವಿ ಸಭೆ ಅಲ್ಲಿತ್ತು. ವಿಜಯವಾಡದ ಗನ್ನವರಂನಿಂದ ಏರಿದ ವಿಶೇಷ ವಿಮಾನ ಸ್ವಲ್ಪ ಹೊತ್ತಿಗೇ ಮರಳಿ ಇಳಿಯಿತು. ವಾಲ್ವ್ ಸೋರಿ ಕ್ಯಾಬಿನ್ನಿನ ಗಾಳಿಯೊತ್ತಡದಲ್ಲಿ ತೊಂದರೆಯಾಗಿತ್ತೆಂದು ವರದಿಯಾಯಿತು. ಹಿಂತಿರುಗಿದ್ದೇ ಸರಿ.

ಕ್ಯಾಬಿನ್ನಿನ ಈ ಗಾಳಿಯೊತ್ತಡವನ್ನು ಬಾಗಿಲೂ ತಡೆದು ನಿಲ್ಲಬೇಕು. ಚಿಕ್ಕ ವಿಮಾನಗಳಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಕಿಂಗ್ ಏರ್ ಬಿ200ರ ಬಾಗಿಲು. ದೊಡ್ಡ ವಿಮಾನಗಳ ಹಲವು ಬಾಗಿಲುಗಳನ್ನು ಒಳಗಿನ ಒತ್ತಡವೇ ಚೌಕಟ್ಟಿಗೆ ಅದುಮಿ ಹಿಡಿಯುತ್ತದೆ. ಇದು ಹಾಗಲ್ಲ, ಹೊರಕ್ಕೆ ಮಗುಚಿ ಮೆಟ್ಟಿಲಾಗುತ್ತದೆ. ಒಳ-ಹೊರಗಿನ ಒತ್ತಡದ ಅಂತರ ಚದರ ಅಂಗುಲಕ್ಕೆ 6.5 ಪೌಂಡ್ ಮುಟ್ಟಿದಾಗ ಬಾಗಿಲನ್ನು ಹೊರದಬ್ಬುವ ಬಲ ಸುಮಾರು 4 ಟನ್! ಅದನ್ನು ತಡೆಯುವುದು ಮೇಲಿನ ಕೊಕ್ಕೆ, ಪಕ್ಕದ ಅಗುಳಿ, ಕೆಳಗಿನ ಕೀಲು. ಸುತ್ತಲಿನ ರಬ್ಬರ್ ಪಟ್ಟಿ ಗಾಳಿ ತುಂಬಿ ಉಬ್ಬಿ ಸಂದು ಮುಚ್ಚುತ್ತದೆ.

ಹಿಡಿಕೆ ತಿರುಗಿಸಲು ಮೊದಲು ಒಂದು ಗುಂಡಿ ಒತ್ತಬೇಕು. ಅದರೊಂದಿಗೆ ಒಂದು ಪೊರೆ ಇದೆ: ಒಂದು ಬದಿಗೆ ಕ್ಯಾಬಿನ್ನಿನ ಗಾಳಿ, ಇನ್ನೊಂದಕ್ಕೆ ಹೊರಗಾಳಿ. ಒತ್ತಡದ ಅಂತರ ಹೆಚ್ಚಿದಷ್ಟೂ ಗುಂಡಿ ಒತ್ತುವುದು ಕಷ್ಟ. ಅಪಾಯ ತರುವ ಒತ್ತಡವೇ ಕಾವಲಿಗೂ ನಿಲ್ಲುತ್ತದೆ. ಎಂಥ ಚೆಲುವಾದ ಯೋಚನೆ!

ಮೆಟ್ಟಿಲೊಂದರ ಕೆಳಗೆ ಪುಟ್ಟ ಕಿಂಡಿ. ಕೆಂಪು ಗುಂಡಿ ಒತ್ತಿದರೆ ಒಳಗೆ ದೀಪ ಹತ್ತಿ, ಲಾಕ್ ಸರಿಯಾಗಿ ಕೂತಿದೆಯೇ ಎಂಬುದು ಕಣ್ಣಾರೆ ಕಾಣುತ್ತದೆ. ಬಾಗಿಲು ಭದ್ರವಾಗಿಲ್ಲವೆಂದು ಪೈಲಟ್‌ಗೆ ಸಾರುವ ಎಚ್ಚರಿಕೆಯ ದೀಪವನ್ನಷ್ಟೇ ನಂಬದೆ ಬಗ್ಗಿ ನೋಡುವ ಪೈಲಟ್ ಬಗ್ಗೆ ನನಗೆ ಬಹಳ ಗೌರವ. ಹಾರುವಾಗ ಆ ಎಚ್ಚರಿಕೆ ಹೊತ್ತಿದರೆ ಬಾಗಿಲ ಬಳಿ ಯಾರೂ ಸುಳಿಯಕೂಡದು. ಎಲ್ಲರೂ ಬೆಲ್ಟ್ ಬಿಗಿದು ಕೂರಬೇಕು. ಒತ್ತಡ ಇಳಿಸಿ, ನೆಲ ಮುಟ್ಟಿದ ಮೇಲಷ್ಟೇ ಹಿಡಿಕೆ ಮುಟ್ಟಬೇಕು.